ಖಾಲಿ ಡಬ್ಬಿಗೆ ಬೀಗ ಹಾಕಿದ ಮಳೆಗಾಲ

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಎಣಿಸುವ ನಮ್ಮ ಹದಿನಾರು ಡಿಟೆಕ್ಟರುಗಳು ಈಗ ಎರಡು ಮಳೆಗಾಲ ದಾಟಿವೆ. ಸತ್ತಿದ್ದು ಒಂದೇ ಟ್ಯೂಬು (ಮಿಣುಕು ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಗಾಜಿನ ಕೊಳವೆ), ಅದೂ ಮಳೆಯಿಂದಲ್ಲ, ಇಲಿಯಿಂದ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಖಾಲಿ ಡಬ್ಬಿಗಳನ್ನು ಮೊದಲು ಒಂದು ಮಳೆಗಾಲ ನೆನೆಸುವ ಪ್ಲಾನು ನಾನು ಮುಂದಿಟ್ಟ ದಿನ ಮೀಟಿಂಗಿನಲ್ಲಿ ನಕ್ಕವರಲ್ಲಿ ಒಂದಿಬ್ಬರಾದರೂ ಇದನ್ನು ಓದುತ್ತಾರೆ.

ನಮ್ಮದು ಶಿರಸಿ ಕಡೆಯ ಒಂದು ಕಾಲೇಜು. ಹಾಸ್ಟೆಲಿನ ಹಿಂದಿನ ಬಯಲಿನಲ್ಲಿ ಕಾಸ್ಮಿಕ್ ಕಿರಣದ ಸಣ್ಣ ಅರೇ: ನಾಲ್ಕು ಸಾಲು, ಸಾಲಿಗೆ ನಾಲ್ಕು, ನಡುವೆ 8 ಮೀಟರ್. ಆ 8 ಮೀಟರ್ ಲೆಕ್ಕ ಊಟಿಯಿಂದ ಎತ್ತಿಕೊಂಡದ್ದು. ಅಲ್ಲಿನ ಕಾಸ್ಮಿಕ್ ಕಿರಣದ ದೊಡ್ಡ ಪ್ರಯೋಗ ಗ್ರೇಪ್ಸ್-3ರಲ್ಲಿ ಒಂದೊಂದು ಚದರ ಮೀಟರಿನ ಸುಮಾರು 400 ಸಿಂಟಿಲೇಟರುಗಳು (ಕಣ ಹಾಯ್ದರೆ ಮಿನುಗುವ ಪ್ಲಾಸ್ಟಿಕ್) ಅಷ್ಟೇ ಅಂತರದಲ್ಲಿ ಕೂತಿವೆ. ಎಂಎಸ್ಸಿ ಮುಗಿಸಿದ ಮೇಲೆ ಅಲ್ಲಿ ಕೆಲವು ತಿಂಗಳು ಇದ್ದೆ. ಬಡಗ ಮಾತಾಡುವ ಸಹಾಯಕರ ಹತ್ತಿರ ಕನ್ನಡದಲ್ಲೇ ಕೆಲಸ ಕಲಿತೆ. ಅವರ ಮಾತು ನನಗೆ, ನನ್ನ ಮಾತು ಅವರಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಉಳಿದದ್ದನ್ನು ಸ್ಕ್ರೂಡ್ರೈವರ್ ಹೇಳುತ್ತಿತ್ತು.

ಸಿಂಟಿಲೇಟರಿನ ಸ್ಲ್ಯಾಬುಗಳು ನಮಗೆ ಪುಕ್ಕಟೆ ಬಂದವು. ಒಂದು ದೊಡ್ಡ ಲ್ಯಾಬು ತನ್ನ ಗೋದಾಮು ಖಾಲಿ ಮಾಡುವಾಗ ಕೊಟ್ಟ ಹಳೇ ಮಾಲು: 50 ಸೆಂಟಿಮೀಟರ್ ಚೌಕ, 5 ಸೆಂಟಿಮೀಟರ್ ದಪ್ಪ, ಡಬ್ಬಿಗೆ ನಾಲ್ಕು. ಡಬ್ಬಿಯೊಂದಕ್ಕೆ ಐವತ್ತು ಕಿಲೋ ಪ್ಲಾಸ್ಟಿಕ್ಕಾಯಿತು. ಬೆಳಕು ಸಾಗಿಸುವ ಫೈಬರಿಗೆ ಸ್ಲ್ಯಾಬಿನಲ್ಲಿ ಕಾಲುವೆ ಕೊರೆಯುವ ತಾಪತ್ರಯ ಬೇಡವೆಂದು ಡಬ್ಬಿಯ ಮೇಲೊಂದು ಶಂಕು, ಅದರ ತುದಿಯಲ್ಲಿ ಎರಡಿಂಚಿನ ಪಿಎಂಟಿ (ಆಗ ಹೇಳಿದ ಟ್ಯೂಬು ಇದೇ), ಅರವತ್ತು ಸೆಂಟಿಮೀಟರ್ ಮೇಲಿಂದ ಕೆಳಗೆ ನೋಡುವ ಹಾಗೆ. 

ಮೊದಲ ವರ್ಷ ಎಲ್ಲರೂ ಮಾಡುವ ಹಾಗೇ ಮಾಡಿದೆ. ಏಪ್ರಿಲ್‌ನಲ್ಲಿ ಆರು ಡಬ್ಬಿ ಬಂದವು, ಟ್ಯೂಬು ಕೂರಿಸಿದೆ, ರಬ್ಬರ್ ಗ್ಯಾಸ್ಕೆಟ್ ಹಾಕಿದೆ, ಅದರ ಮೇಲೆ ಸಿಲಿಕೋನ್ ಮೆತ್ತಿದೆ, ಅದರ ಮೇಲೆ ಕಪ್ಪು ಟೇಪು. ಗಾಳಿಯೂ ಆಡಬಾರದು ಅನ್ನುವಷ್ಟು ಬಿಗಿ. ಮೇ ತಿಂಗಳಿಡೀ ಮ್ಯೂಆನ್ ಪೀಕು (ಆಕಾಶದಿಂದ ಇಳಿಯುವ ಮ್ಯೂಆನ್ ಕಣಗಳು ಗ್ರಾಫಿನಲ್ಲಿ ಎಬ್ಬಿಸುವ ಗುಡ್ಡ) ನೋಡಿ ಕುಣಿದದ್ದೇ ಕುಣಿದದ್ದು. ಜೂನ್ ಕೊನೆಗೆ ಮೂರನೇ ಡಬ್ಬಿಯ ಸಿಗ್ನಲಿನಲ್ಲಿ ಗದ್ದಲ ಶುರುವಾಯಿತು. ಜುಲೈ ನಡುವಿಗೆ ನಾಲ್ಕು ಹೋದವು. ಬಿಚ್ಚಿದರೆ ಟ್ಯೂಬು ಕೂರುವ ಬೇಸಿನ ಪಿನ್ನುಗಳಿಗೆ ಹಸಿರು ಹಿಡಿದಿತ್ತು, ಒಂದರಲ್ಲಿ ರೆಸಿಸ್ಟರುಗಳ ನಡುವೆ ಸುಟ್ಟ ಗೆರೆ, ಶಂಕುವಿನ ತಳದಲ್ಲಿ ಲೋಟದಷ್ಟು ನೀರು. ಟ್ಯೂಬೊಂದಕ್ಕೆ ಐವತ್ತು ಸಾವಿರದ ಆಸುಪಾಸು. ಎರಡು ಲಕ್ಷ ನೀರಿಗೆ ಬಿತ್ತು. ನನ್ನದೇ ತಪ್ಪು, ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ. ಆಡಿಟ್‌ನವರು ಕೇಳಿದ್ದು ಒಂದೇ ಪ್ರಶ್ನೆ: 'ಮಳೆ ಬರುತ್ತದೆ ಅಂತ ಗೊತ್ತಿರಲಿಲ್ಲವಾ?'

ಆಮೇಲೆ ನಾನು ಪ್ಲಾನನ್ನು ತಲೆಕೆಳಗು ಮಾಡಿದೆ. ಟ್ಯೂಬು ಎಲ್ಲಕ್ಕಿಂತ ಕೊನೆಗೆ. ಹದಿನಾರೂ ಡಬ್ಬಿಯನ್ನು ಅವುಗಳ ಜಾಗದಲ್ಲೇ ಇಟ್ಟು, ಒಳಗೆ ಏನೂ ಹಾಕದೆ ಒಂದು ಇಡೀ ಮಳೆಗಾಲ ನೆನೆಸುವುದು, ಯಾವುದು ಸೋರುತ್ತದೆ ನೋಡಿಕೊಂಡು ಮುಂದಿನದು. ವಿಭಾಗದ ಹಿರಿಯರು, 'ಒಂದು ವರ್ಷ ಹಾಳು ಮಾಡ್ತೀರಲ್ರೀ, ಗ್ರಾಂಟು ಕಾಯುತ್ತಾ?' ಎಂದರು. ಬೆಂಗಳೂರಿಂದ ಬಂದಿದ್ದ ಒಬ್ಬರು ಬಾಥ್‌ರೂಮಿನ ಶವರ್ ಕೆಳಗೆ ಅರ್ಧ ಗಂಟೆ ಇಟ್ಟರೆ ಸಾಕಲ್ಲ ಎಂದರು. ಆಗ ನಾನು ಜಪಾನಿನ ನ್ಯೂಟ್ರಿನೋ ಡಿಟೆಕ್ಟರ್ ಸೂಪರ್-ಕಾಮಿಯೊಕಾಂಡೆಯ ಕಥೆ ತೆಗೆದೆ. 2001ರ ನವೆಂಬರ್‌ನಲ್ಲಿ, ರಿಪೇರಿ ಮುಗಿಸಿ ತೊಟ್ಟಿಗೆ ನೀರು ತುಂಬುವಾಗ ಒಂದು ಟ್ಯೂಬು ಒಳಕ್ಕೆ ಒಡೆದು, ಆ ಹೊಡೆತದ ಅಲೆಗೆ ಪಕ್ಕದ್ದು, ಅದರ ಪಕ್ಕದ್ದು ಅಂತ 11 ಸಾವಿರ ಚಿಲ್ಲರೆಯಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಹೋದವು. ಆಮೇಲೆ ಅವರು ಪ್ರತಿ ಟ್ಯೂಬಿಗೂ ಕವಚ ತೊಡಿಸಿದರು. ಟ್ಯೂಬಿಗಿಂತ ಮೊದಲು ಅದರ ಮನೆ ಪರೀಕ್ಷೆಯಾಗಬೇಕು ಅಂದೆ. ನಿಮ್ಮದು ಹದಿನಾರೇ ಅಲ್ವಾ ಅಂತ ನಕ್ಕರು. ಹೌದು, ಹದಿನಾರೇ. ಆದರೆ ನಮ್ಮ ಲೆಕ್ಕದಲ್ಲಿ ಹದಿನಾರು ಅಂದರೆ ಎಲ್ಲವೂ.

ಡಬ್ಬಿ ಮಾಡಿಕೊಟ್ಟದ್ದು ಪೇಟೆಯ ಗ್ರಿಲ್ ಕೆಲಸದ ಅಂಗಡಿಯವರು, ಒಂದಕ್ಕೆ ಒಂಬತ್ತು ಸಾವಿರದ ಮೇಲೆ ಸ್ವಲ್ಪ. ಟ್ಯೂಬಿನ ಬದಲು ಕೆಮ್ಮಿನ ಔಷಧಿಯ ಬಾಟಲಿಗೆ ಟೇಪು ಸುತ್ತಿ ಎರಡಿಂಚು ಮಾಡಿ ಕೂರಿಸಿದೆ, ಸ್ಲ್ಯಾಬಿನ ಬದಲು ಚಿರೆಕಲ್ಲು. ಹುಡುಗರು ಮುಚ್ಚಳ ತೆಗೆದು ನೋಡುತ್ತಾರೆಂದು ಒಂದೊಂದಕ್ಕೂ ಬೀಗ. ನಮ್ಮ ಅಟೆಂಡರ್ ಬೀಗದ ಗೊಂಚಲು ಹಿಡಿದುಕೊಂಡು, 'ಮೇಷ್ಟ್ರೇ, ಒಳಗೆ ಕಲ್ಲು, ಮೇಲೆ ಬೀಗ. ಯಾರಾದ್ರೂ ನೋಡಿದ್ರೆ ನಿಧಿ ಅಂತ ಅಗೀತಾರೆ' ಅಂದ.

ನೀರು ಎಲ್ಲಿಂದ ಬಂತು ಅನ್ನುವುದು ಮುಖ್ಯ, ಬಂತೋ ಇಲ್ಲವೋ ಅನ್ನುವುದಲ್ಲ. ಅದಕ್ಕೆ ಸೆನ್ಸರ್ ತರಲು ದುಡ್ಡಿರಲಿಲ್ಲ. ಬ್ಲಾಟಿಂಗ್ ಪೇಪರಿನ ಪಟ್ಟಿ ಕತ್ತರಿಸಿ, ಅದರ ಮೇಲೆ ಇಂಕ್ ಪೆನ್ನಿನಲ್ಲಿ ನೀಲಿ ಗೆರೆ ಎಳೆದು, ಗ್ಯಾಸ್ಕೆಟಿನ ಒಳಸುತ್ತು, ಶಂಕುವಿನ ಕುತ್ತಿಗೆ, ಕೇಬಲ್ ತೂತು, ತಳ, ಹೀಗೆ ಡಬ್ಬಿಗೆ ಏಳೆಂಟು ಕಡೆ ಅಂಟಿಸಿದೆ. ಬಾಲ್‌ಪೆನ್ ಬೇಡ, ಅದು ನೀರಿಗೆ ಹರಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಕೊಡೆ ಹಿಡಿದು ಬಿಚ್ಚಿ ನೋಡುವುದು. ಗೆರೆ ಚೂಪಾಗಿದ್ದರೆ ಒಣಗಿದೆ. ಒಂದು ಕಡೆ ನಾಲಿಗೆ ಚಾಚಿದ ಹಾಗೆ ಹರಡಿದ್ದರೆ ನೀರು ಅಲ್ಲಿಂದ ಇಳಿದಿದೆ. ಸುತ್ತಲೂ ಸಮವಾಗಿ ಮಸುಕಾಗಿದ್ದರೆ ಅದು ಸೋರಿದ್ದಲ್ಲ, ಒಳಗೇ ಬೆವೆತದ್ದು.

ಆಗಸ್ಟ್ ಹೊತ್ತಿಗೆ ಸಿಕ್ಕ ಉತ್ತರಕ್ಕೆ ನಾನೇ ಬೆಪ್ಪಾದೆ. ಹದಿನಾರರಲ್ಲಿ ಏಳು ಒದ್ದೆ. ಆ ಏಳರಲ್ಲಿ ಐದು ನಾನೇ ಕೂತು ಅತಿ ಬಿಗಿಯಾಗಿ ಸೀಲ್ ಮಾಡಿದವು. ಒಣಗಿದ್ದವುಗಳಲ್ಲಿ ಒಂದಕ್ಕೆ ವೆಲ್ಡಿಂಗಿನವರು ತಳದಲ್ಲಿ ತೂತು ಮುಚ್ಚುವುದನ್ನೇ ಮರೆತಿದ್ದರು!

ಯೋಚಿಸಿದರೆ ಸರಳ. ಮಳೆ ಬಿಟ್ಟ ಮಧ್ಯಾಹ್ನ ಬಿಸಿಲಿಗೆ ತಗಡು ಕಾದಿರುತ್ತದೆ, ತಟ್ಟನೆ ಒಂದು ಹೊಡೆತ ಮಳೆ ಬಂದು ಒಳಗಿನ ಗಾಳಿ ಹದಿನೈದು ಡಿಗ್ರಿ ಇಳಿಯುತ್ತದೆ. ಬಿಗಿಯಾದ ಡಬ್ಬಿಯಲ್ಲಿ ಒತ್ತಡ ನೂರಕ್ಕೆ ಐದು ಪಾಲು ಕುಸಿಯುತ್ತದೆ, ಅಂದರೆ ಅರ್ಧ ಮೀಟರ್ ನೀರಿನ ಕಂಬದಷ್ಟು ಎಳೆತ. ಅದೇ ಕ್ಷಣಕ್ಕೆ ಗ್ಯಾಸ್ಕೆಟಿನ ಮೇಲೆ ನೀರು ನಿಂತಿದೆ. ಕೂದಲೆಳೆಯಷ್ಟು ಸಂದು ಸಾಕು, ಡಬ್ಬಿ ಸ್ಟ್ರಾ ಹಾಕಿ ಕುಡಿದ ಹಾಗೆ ಕುಡಿಯುತ್ತದೆ. ಶವರ್ ಕೆಳಗೆ ಅರ್ಧ ಗಂಟೆ ಇಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ, ಅಲ್ಲಿ ಡಬ್ಬಿಯೂ ತಣ್ಣಗೆ, ನೀರೂ ತಣ್ಣಗೆ.

ಹಾಗಾಗಿ ಎಲ್ಲದಕ್ಕೂ ಮೂಗು ಇಟ್ಟೆ. ಎರಡು ಪಿವಿಸಿ ಎಲ್ಬೋ, ಒಳಗೆ ಮ್ಯಾಟ್ ಕಪ್ಪು ಬಣ್ಣ, ಬಾಯಿ ಕೆಳಕ್ಕೆ. ಗಾಳಿ ತಿರುಗಿ ಹೋಗುತ್ತದೆ, ಬೆಳಕು ಹೋಗುವುದಿಲ್ಲ. ಜೋಡಿಗೆ ಅರವತ್ತು ರೂಪಾಯಿ. ಕೇಬಲನ್ನೂ ಮೇಲಿಂದ ತೆಗೆದು ಕೆಳಗಿನಿಂದ, ಒಂದು ಜೋಲು ಕೊಟ್ಟು ಒಳಗೆ ಬಿಟ್ಟೆ. ಮೊದಲ ವಾರವೇ ಮೂಗಿನ ದಾರಿಯಲ್ಲಿ ಇರುವೆಗಳು ಸಂಸಾರ ಸಮೇತ ಬಂದವು. ಅದಕ್ಕೆ ಅಡಿಕೆ ತೋಟದವರೊಬ್ಬರು ಹೇಳಿಕೊಟ್ಟ ಉಪಾಯ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ. ಕೇಬಲ್ ಗ್ಲ್ಯಾಂಡಿಗೆ ತುಂಬುವ ಮೇಣದ ಹದವೂ ಹಾಗೆಯೇ.

ಅಕ್ಟೋಬರ್‌ನಲ್ಲಿ ಸ್ಲ್ಯಾಬು ಒಳಗೆ ಹೋದವು, ಟ್ಯೂಬು ಆಗಲೂ ಇಲ್ಲ. ಒಂದೇ ಒಂದು ಟ್ಯೂಬು, ಅದರದ್ದೇ ಬೇಸು, ಅದರದ್ದೇ ಕೇಬಲು, ಇವನ್ನು ಹಿಡಿದುಕೊಂಡು ಡಬ್ಬಿಯಿಂದ ಡಬ್ಬಿಗೆ ಅಲೆದೆ. ಟ್ಯೂಬು ಬದಲಾಗಿಲ್ಲ ಅಂದ ಮೇಲೆ ಅಂಕಿ ಬದಲಾದರೆ ಅದು ಡಬ್ಬಿಯದೇ ತಪ್ಪು. ಹುಡುಗರು ಆ ಅಲೆದಾಡುವ ಟ್ಯೂಬಿಗೆ ಪೋಸ್ಟ್‌ಮ್ಯಾನ್ ಅಂತ ಹೆಸರಿಟ್ಟರು. ಚದರ ಮೀಟರಿಗೆ ನಿಮಿಷಕ್ಕೆ ಹತ್ತು ಸಾವಿರ ಮ್ಯೂಆನ್ ಅನ್ನುವ ಹಳೇ ಲೆಕ್ಕ ಕೈಯಲ್ಲಿದ್ದರೆ ಎಣಿಕೆ ಸರಿಯೋ ಇಲ್ಲವೋ ನಿಂತ ನಿಲುವಿನಲ್ಲೇ ಗೊತ್ತಾಗುತ್ತದೆ. ಒಂಬತ್ತನೇ ಡಬ್ಬಿಯಲ್ಲಿ ಎಣಿಕೆ ಸರಿ, ಪೀಕು ಮಾತ್ರ ಮೂರನೇ ಒಂದು ಪಾಲು ಕಡಿಮೆ. ಎರಡು ದಿನ ಸ್ಲ್ಯಾಬನ್ನು ಬೈದೆ. ಕೊನೆಗೆ ನೋಡಿದರೆ ಒಳಗಿನ ಬಣ್ಣ ಖಾಲಿಯಾಗಿ ಅಂಗಡಿಯವರು ಆ ಒಂದಕ್ಕೆ ಗೋಡೆಯ ಬಣ್ಣ ಬಳಿದಿದ್ದರು. ಕಣ್ಣಿಗೆ ಬಿಳಿಯೇ, ಆದರೆ ಕೆನೆ ಬಿಳಿ. ಸಿಂಟಿಲೇಟರಿನ ನೀಲಿ ಬೆಳಕು ಅದರಲ್ಲಿ ಇಂಗಿಹೋಗುತ್ತಿತ್ತು. ಆ ನೆಪದಲ್ಲಿ ನಾಲ್ಕು ದಿನ ಬೇರೆ ಬೇರೆ ಬಿಳಿ ನೋಡಿದೆ: ಅಲ್ಯೂಮಿನಿಯಂ ಫಾಯಿಲ್, ಥರ್ಮೋಕೋಲ್, ಪ್ಲಂಬರ್ ಟೇಪು, ಹಾಸ್ಟೆಲಿನ ಒಂದು ಹಳೇ ಪಂಚೆ. ಪ್ಲಂಬರ್ ಟೇಪನ್ನು ನಾಲ್ಕೈದು ಪದರ ಸುತ್ತಿದರೆ ಎಲ್ಲಕ್ಕಿಂತ ಚೆನ್ನ, ಆದರೆ ಒಂದು ಚದರ ಮೀಟರಿಗೆ ಸುತ್ತುವ ತಾಳ್ಮೆ ಯಾರಿಗಿದೆ? ಪಂಚೆ ಫಾಯಿಲ್ಲಿಗಿಂತ ಏನೂ ಕಡಿಮೆ ಇರಲಿಲ್ಲ. ಕೊನೆಗೆ ಟೈಟಾನಿಯಂ ಡೈಆಕ್ಸೈಡಿನ ಬಣ್ಣವನ್ನೇ ಮತ್ತೆ ಬಳಿದೆವು.

ಬೆಳಕಿನ ಸೋರಿಕೆಗೆ ಟಾರ್ಚು ಸಾಲದು. ಹಗಲಲ್ಲಂತೂ ಬಿಸಿಲಿನ ಮುಂದೆ ಅದಕ್ಕೆ ಬೆಲೆಯೇ ಇಲ್ಲ. ಮುಚ್ಚಿಹೋದ ಸ್ಟುಡಿಯೋದಿಂದ ನಾನೂರು ರೂಪಾಯಿಗೆ ಹಳೇ ಫ್ಲ್ಯಾಶ್ ತಂದೆ. ಡಬ್ಬಿಯ ಸುತ್ತ ಕೈಯಗಲ ಕೈಯಗಲಕ್ಕೆ ಹೊಡೆಯುತ್ತ ಬರುವುದು, ಆಸಿಲೋಸ್ಕೋಪಿನ ಪರದೆಯಲ್ಲಿ ಅದರ ಜೊತೆಗೇ ಪಲ್ಸ್ ಎದ್ದರೆ ಅಲ್ಲೇ ತೂತು. ಒಂದು ಎಚ್ಚರ: ಫ್ಲ್ಯಾಶಿನ ಸರ್ಕ್ಯೂಟೇ ಕೇಬಲಿಗೆ ಗದ್ದಲ ಹಾಯಿಸುತ್ತದೆ. ಕಪ್ಪು ಬಟ್ಟೆ ಮುಚ್ಚಿ ಇನ್ನೊಮ್ಮೆ ಹೊಡೆಯಿರಿ. ಆಗಲೂ ಪಲ್ಸ್ ಉಳಿದರೆ ಅದು ಬೆಳಕಲ್ಲ. ಇದು ಗೊತ್ತಾಗುವ ಮೊದಲು ನಾನು ಇಲ್ಲದ ತೂತಿಗೆ ಒಂದು ರೋಲ್ ಟೇಪು ಸುತ್ತಿದ್ದೆ. ಎಚ್‌ವಿಯನ್ನು (ಟ್ಯೂಬಿಗೆ ಕೊಡುವ ಹೈ ವೋಲ್ಟೇಜು) ಆರುನೂರು ವೋಲ್ಟಿನಿಂದ ಶುರುಮಾಡಿ ಕರೆಂಟು ನೋಡುತ್ತ ಏರಿಸಬೇಕು ಅಂತ ನಿಮಗೆ ಹೇಳಬೇಕಿಲ್ಲ.

ಯಾವ ಟ್ಯೂಬು ಎಲ್ಲಿ ಅನ್ನುವುದನ್ನು ಡಿಸೆಂಬರಿನ ಎರಡು ರಾತ್ರಿ ಕೂತು ಬರೆದೆ. ಎಚ್‌ವಿ ನಮ್ಮಲ್ಲಿ ನಾಲ್ಕೇ ಚಾನೆಲ್, ಹದಿನಾರು ಚಾನೆಲ್ಲಿನ ಕೊಟೇಶನ್ ನೋಡಿಯೇ ಪಕ್ಕಕ್ಕಿಟ್ಟಿದ್ದೆ. ಎಲ್ಇಡಿ ಹಾಕಿ ಒಂದೇ ಗೇನಿಗೆ (ಟ್ಯೂಬು ಸಿಗ್ನಲನ್ನು ಹಿಗ್ಗಿಸುವ ಪ್ರಮಾಣಕ್ಕೆ) ಎಷ್ಟು ವೋಲ್ಟ್ ಅಂತ ಅಳೆದರೆ ಸುಮಾರು 1450ರಿಂದ 1800ರವರೆಗೆ ಹರಡಿತ್ತು. ಸಾಲಾಗಿ ಜೋಡಿಸಿ ನಾಲ್ಕು ಗುಂಪು ಮಾಡಿದೆ, ಗುಂಪಿನೊಳಗಿನ ಚೂರುಪಾರು ವ್ಯತ್ಯಾಸವನ್ನು ಹಂಚುವ ಪೆಟ್ಟಿಗೆಯ ರೆಸಿಸ್ಟರಿಗೆ ಬಿಟ್ಟೆ. ಒಂದು ಗುಂಪು ಒಂದೇ ಮೂಲೆಗೆ ಕೊಟ್ಟರೆ ಕೇಬಲ್ ಉಳಿಯುತ್ತದೆ ನಿಜ, ಆದರೆ ಒಂದು ಚಾನೆಲ್ ಬಿದ್ದ ದಿನ ಆ ಮೂಲೆಯೇ ಕುರುಡು. ಅದಕ್ಕೆ ಸುಡೊಕು ತುಂಬಿದ ಹಾಗೆ ಹಂಚಿದೆ, ಪ್ರತಿ ಅಡ್ಡಸಾಲಿಗೂ ಪ್ರತಿ ಉದ್ದಸಾಲಿಗೂ ಒಂದೊಂದು ಗುಂಪಿನ ಒಂದೊಂದೇ ಟ್ಯೂಬು. ಕೇಬಲಿಗೆ ಆರೇಳು ಸಾವಿರ ಜಾಸ್ತಿಯಾಯಿತು. ಕಳೆದ ಮಾರ್ಚಿನಲ್ಲಿ ಒಂದು ಚಾನೆಲ್ ಹನ್ನೊಂದು ದಿನ ಮಲಗಿತ್ತು. ಉಳಿದ ಹನ್ನೆರಡರಿಂದ ಕಾಸ್ಮಿಕ್ ಶವರ್, ಅಂದರೆ ಕಿರಣವೊಂದು ಗಾಳಿಗೆ ಬಡಿದು ಸುರಿಸುವ ಕಣಗಳ ಮಳೆ, ಬಂದ ದಿಕ್ಕು ತೆಗೆಯಲು ಏನೂ ತೊಂದರೆಯಾಗಲಿಲ್ಲ.

ಸಿಗ್ನಲ್ ಕೇಬಲು ಎಲ್ಲಕ್ಕೂ ಒಂದೇ ಉದ್ದ, 45 ಮೀಟರ್. ಹತ್ತಿರದ ಡಬ್ಬಿಗೆ ಇಷ್ಟು ಯಾಕೆ ಅಂತ ಸ್ಟೋರಿನವರು ಕೇಳಿದರು. ಸಿಗ್ನಲ್ ಸಾಗಲು ಮೀಟರಿಗೆ ಐದು ನ್ಯಾನೋಸೆಕೆಂಡು, ಡಬ್ಬಿ ಡಬ್ಬಿಯ ಹೊತ್ತಿನ ವ್ಯತ್ಯಾಸದಿಂದಲೇ ದಿಕ್ಕು ತೆಗೆಯುವುದು, ಎಂಟು ಮೀಟರಿನ ಅಂತರದಲ್ಲಿ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದಿಕ್ಕು ಎರಡು ಡಿಗ್ರಿ ತಪ್ಪುತ್ತದೆ ಅಂದೆ. ಇಂಡೆಂಟಿಗೆ ಸಹಿ ಹಾಕಿದರು, ಅರ್ಥವಾಗಿ ಹಾಕಿದರೋ ಸಾಕಾಗಿ ಹಾಕಿದರೋ. ಉಳಿದ ಸುರುಳಿಯನ್ನು ಡಬ್ಬಿಯ ಹತ್ತಿರ ಬಿಸಿಲಲ್ಲಿ ಇಡಬೇಡಿ, ಕೋಣೆಯೊಳಗೆ ಸುತ್ತಿಡಿ.

ಟ್ಯೂಬುಗಳು ಕೂತದ್ದು ಜನವರಿಯಲ್ಲಿ, ಮೂರೇ ದಿನದಲ್ಲಿ ಎಲ್ಲಾ. ಹಿಂದಿನ ಸಲ ಆರಕ್ಕೆ ಮೂರು ವಾರ ಹಿಡಿದಿತ್ತು. ಅರ್ಥಿಂಗಿಗೆ ಇದ್ದಿಲು-ಉಪ್ಪಿನ ಒಂದೇ ಗುಂಡಿ, ಎಲ್ಲ ಡಬ್ಬಿಯೂ ಅಲ್ಲಿಗೇ. ಏಪ್ರಿಲಿನ ಗುಡುಗಿಗೆ ಸಣ್ಣ ಪಲ್ಸ್ ಬಿಟ್ಟು ದೊಡ್ಡದನ್ನಷ್ಟೇ ಎಣಿಕೆಗೆ ಕಳಿಸುವ ಎರಡು ಡಿಸ್ಕ್ರಿಮಿನೇಟರ್ ಕಾರ್ಡು ಹೋದವು, ಟ್ಯೂಬಿಗೆ ಏನೂ ಆಗಲಿಲ್ಲ. ಇಲಿಯದು ಹೇಳಿದೆನಲ್ಲ: ಐದನೇ ಡಬ್ಬಿಯ ಮೂಗಿನ ಬುಡದ ರಬ್ಬರನ್ನು ಒಂದು ಭಾನುವಾರ ಕಡಿದು ಹಾಕಿತು. ಎಚ್‌ವಿ ಆನ್ ಇತ್ತು, ಮಧ್ಯಾಹ್ನದ ಬಿಸಿಲು ನೇರ ಒಳಗೆ. ಸೋಮವಾರ ಹೋಗಿ ನೋಡುವಾಗ ಅದರ ಕಥೆ ಮುಗಿದಿತ್ತು. ಈಗ ರಬ್ಬರಿನ ಮೇಲೆ ತಗಡಿನ ಬಳೆ ತೊಡಿಸಿದ್ದೇನೆ.

ಹೊಸ ಎಂಟು ಡಬ್ಬಿಗೆ ಹೇಳಿದ್ದೇನೆ, ಮೇ ಕೊನೆಗೆ ಬಯಲಿಗೆ ಬರುತ್ತವೆ. ಚಿರೆಕಲ್ಲು, ಸಿರಪ್ ಬಾಟಲಿ, ಬ್ಲಾಟಿಂಗ್ ಪೇಪರು ಎಲ್ಲ ತಯಾರಿದೆ. ಹನ್ನೆರಡನೇ ಡಬ್ಬಿ ಮಾತ್ರ ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ನೂರಕ್ಕೆ ನಾಲ್ಕರಷ್ಟು ಜಾಸ್ತಿ ಎಣಿಸುತ್ತದೆ. ಫ್ಲ್ಯಾಶಿಗೆ ಸಿಗುವುದಿಲ್ಲ, ಬೇಸು ಬದಲಾಯಿಸಿದರೂ ಹೋಗುವುದಿಲ್ಲ. ನಾಳೆ ಪೋಸ್ಟ್‌ಮ್ಯಾನನ್ನು ಮತ್ತೆ ಅದರೊಳಗೆ ಇಳಿಸಿ ನೋಡಬೇಕು.