ಗಾಡಿ ಎಳೀವಲ್ದಾ? ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೀರಿ

ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗುವ ಏರಿನಲ್ಲಿ ಹೋದ ಬೇಸಿಗೆ ನನ್ನ ಹಳೇ ಡೀಸೆಲ್ ಕಾರು ಎರಡನೇ ಗೇರಿಗೆ ಬಂದು ಕೂತಿತು. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದರೂ ಹಿಂದೆ ಕರಿ ಹೊಗೆ, ಮುಂದೆ ಬರೀ ಸದ್ದು. ಬಳ್ಳಾರಿಗೆ ವಾಪಸ್ ಬಂದಾಗ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ‘ಟರ್ಬೊ ಹೋಗೈತ್ರೀ’ ಅಂದರು. ಹೋಗಿದ್ದು ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಅಲ್ಲ. ಏನೆಂದು ಮುಂದೆ ಹೇಳುತ್ತೇನೆ.

ಮೊದಲ ಕೆಲಸ, ದೋಷ ಎಂಜಿನ್ನಿನದೇ ಹೌದೋ ಎಂದು ತಿಳಿಯುವುದು. 42 ಡಿಗ್ರಿ ಬಿಸಿಲಿನಲ್ಲಿ ಗಾಳಿಯೇ ತೆಳುವಾಗಿರುತ್ತದೆ. 25 ಡಿಗ್ರಿಯಲ್ಲಿ ಇರುವುದಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ ದಟ್ಟ. ಮೇಲೆ ಎಸಿ, ಐದು ಜನ, ಡಿಕ್ಕಿ ತುಂಬಾ ಲಗೇಜು. ರಾಯಚೂರಿನ ಮೇ ತಿಂಗಳಲ್ಲಿ ಸಣ್ಣ ಎಂಜಿನ್ ಸ್ವಲ್ಪ ಸುಸ್ತಾದರೆ ಅದು ರೋಗವಲ್ಲ.

ಎಂಜಿನ್ ಚೆನ್ನಾಗಿದ್ದೂ ಶಕ್ತಿ ನಡುವೆ ಸೋರಬಹುದು. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರು ಹಾಕಿ, 40ರ ವೇಗದಲ್ಲಿ ಆ್ಯಕ್ಸಿಲರೇಟರ್ ಜೋರಾಗಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ, ವೇಗ ಮಾತ್ರ ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಇನ್ನೊಂದು, ಬ್ರೇಕ್ ಹಿಡಿದುಕೊಂಡಿರುವುದು. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ನಮ್ಮ ಕಡೆ ಎಲ್ಲವೂ ಬಿಸಿಯೇ, ಹಾಗಾಗಿ ಎಡಕ್ಕೂ ಬಲಕ್ಕೂ ಹೋಲಿಸಿ ನೋಡಬೇಕು.

ಇವೆರಡೂ ಅಲ್ಲವಾದರೆ ಗಾಳಿಗೆ ಬನ್ನಿ. ಎಲ್ಲರೂ ಡೀಸೆಲ್, ಇಂಜೆಕ್ಟರ್ ಅಂತ ಶುರು ಮಾಡುತ್ತಾರೆ; ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳಲ್ಲಿ ಗಾಳಿಯಿಂದಲೇ ಶುರು ಮಾಡಬೇಕೆಂಬುದು ನನ್ನ ಹಟ. ತೋರಣಗಲ್ಲಿನ ಕೆಂಪು ಧೂಳು, ಗಿಣಿಗೇರಿಯ ಕರಿ ಧೂಳು, ಶಕ್ತಿನಗರದ ಹಾರುಬೂದಿ ಎಲ್ಲಾ ಸೇರುವುದು ಏರ್ ಫಿಲ್ಟರಿಗೆ. ಕಾರಿನ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಸಾಮಾನ್ಯ ರಸ್ತೆಗೆ. ಧೂಳಿನ ಊರಿಗೆ ಅದರ ಅರ್ಧವೇ ಹೆಚ್ಚು.

ಎಂಜಿನ್ ಆರಿಸಿ, ಡಬ್ಬಿಯ ಕ್ಲಿಪ್ ಬಿಚ್ಚಿ ಫಿಲ್ಟರ್ ಹೊರತೆಗೆಯಿರಿ. ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಬೆಳಕು ಕಾಣದಿದ್ದರೆ ಹೊಸದು ಹಾಕಿ. ಆಮೇಲೆ ಹೆಚ್ಚಿನವರು ಮಾಡದ ಒಂದು ಕೆಲಸ: ಎಂಜಿನ್ ಕಡೆಗಿರುವ ಡಬ್ಬಿಯ ಒಳಮೈಯನ್ನು ಬೆರಳಿನಿಂದ ಒರೆಸಿ. ಅಲ್ಲಿ ಧೂಳು ಇರಲೇಬಾರದು. ಬೆರಳಿಗೆ ಕುಂಕುಮದಂತೆ ಕೆಂಪು ಹತ್ತಿದರೆ ಫಿಲ್ಟರ್ ಅಂಚು ಸರಿಯಾಗಿ ಕೂತಿಲ್ಲ ಅಥವಾ ಹರಿದಿದೆ. ಅದಿರಿನ ಪುಡಿ ನೇರ ಸಿಲಿಂಡರಿಗೇ ಹೋಗುತ್ತಿದೆ. ಕಂಪ್ರೆಸರ್ ಗಾಳಿ ಹೊಡೆಸಿ ಅದನ್ನೇ ಮತ್ತೆ ಹಾಕುವ ಉಳಿತಾಯ ಬೇಡ, ಪೇಪರ್ ತೂತಾಗುತ್ತದೆ.

ಟರ್ಬೊ ಇರುವ ಕಾರಾದರೆ, ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ದಪ್ಪ ರಬ್ಬರ್ ಪೈಪುಗಳನ್ನು, ಎಂಜಿನ್ ತಣ್ಣಗಾದ ಮೇಲೆ, ಬಗ್ಗಿಸಿ ನೋಡಿ. ಒಳಗೆ ಸ್ವಲ್ಪ ಎಣ್ಣೆಯ ಆವಿ ಇದ್ದೇ ಇರುತ್ತದೆ. ಪೈಪ್ ಬಿರಿದಲ್ಲಿ ಅದು ಹೊರಬಂದು ಧೂಳು ಹಿಡಿದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಕಂಡದ್ದು ಅದೇ. ಕ್ಲ್ಯಾಂಪಿನ ಪಕ್ಕ ಬೆರಳುದ್ದದ ಕೆಂಪು ಕೆಸರಿನ ಗೆರೆ, ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು. ಏರಿನಲ್ಲಿ ಕೇಳುತ್ತಿದ್ದ ‘ಸುಸ್ಸ್’ ಸದ್ದೂ ಅದರದೇ. ಪೈಪ್ ಬದಲಿಸಿದೆ, ಕರಿ ಹೊಗೆ ನಿಂತಿತು.

ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿದ್ದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿಸಿ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ. ಆದರೆ ಕೋಡ್ ಹೇಳುವುದು ಲಕ್ಷಣವನ್ನು, ಕೆಟ್ಟ ಪಾರ್ಟನ್ನಲ್ಲ. ಪಿ0299 ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಅಂತ, ಟರ್ಬೊ ಸತ್ತಿದೆ ಅಂತಲ್ಲ. ಪೈಪ್ ಹರಿದರೂ ಇದೇ ಬರುತ್ತದೆ. ಪಿ0087 ಬಂದರೆ ಇಂಧನದ ಒತ್ತಡ ಕಡಿಮೆ. ಆಗ ಡೀಸೆಲ್ ಫಿಲ್ಟರ್ ನೋಡಬೇಕು. ಅದರ ತಳದಲ್ಲಿ ನೀರು ಬಿಡುವ ಸ್ಕ್ರೂ ಇದ್ದರೆ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ. ನೀರಿದ್ದರೆ ಡೀಸೆಲ್ಲಿನ ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಪೆಟ್ರೋಲ್ ಕಾರು ಐಡಲ್‌ನಲ್ಲೇ ನಡುಗುತ್ತಾ ಮಿಸ್ಸಿಂಗ್ ಹೊಡೆದರೆ ಕಿಡಿ ಹೊಡೆಯುವ ಪ್ಲಗ್ ಇಲ್ಲವೇ ಅದಕ್ಕೆ ಕರೆಂಟ್ ಕೊಡುವ ಕಾಯಿಲ್. ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಇರುವ ಕಾರಿನಲ್ಲಿ ಪಿ0301 (ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್) ಬಂದರೆ, ಇಗ್ನಿಷನ್ ಆಫ್ ಮಾಡಿ ಒಂದನೇ ಕಾಯಿಲನ್ನು ಎರಡನೆಯದರ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0302, ಅಂದರೆ ಎರಡನೆಯದರಲ್ಲಿ ಮಿಸ್ಸಿಂಗ್, ಬಂತೇ? ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಪ್ಲಗ್ ನೋಡಿ. ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಓಡಿಸಲೇಬೇಡಿ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಏಪ್ರಿಲ್ 2020ರ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ದಿನವೂ ಮನೆಯಿಂದ ಮಾರ್ಕೆಟ್ಟಿಗಷ್ಟೇ ಓಡಿಸಿದರೆ ಅದು ಕಟ್ಟುತ್ತದೆ. ಡಿಪಿಎಫ್ ದೀಪ ಬಂದ ಕೂಡಲೇ ಹೊಸಪೇಟೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಮಸಿ ಸುಟ್ಟುಹೋಗುತ್ತದೆ.

ಇಷ್ಟಾದರೂ ಎಳೆಯದಿದ್ದರೆ ಗ್ಯಾರೇಜಿನಲ್ಲಿ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ, ಎಲ್ಲ ಸಿಲಿಂಡರಿನ ಅಂಕಿಗಳನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದರದು ಮಾತ್ರ ತೀರಾ ಕೆಳಗಿದ್ದರೆ, ಪೆಟ್ರೋಲ್ ಎಂಜಿನ್ನಾದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಅಂಕಿ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್ ಕಡೆ ನೋಡಬೇಕು.