30,000 ರೂಪಾಯಿಯೊಳಗೆ ಓದಿಗೊಂದು ಲ್ಯಾಪ್‌ಟಾಪ್: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಸ್ನಾತಕೋತ್ತರ ತರಗತಿಗೆ ಸೇರುವುದು ನಿಶ್ಚಯವಾದಾಗ, ಅಡಿಕೆ ಮಾರಿದ ಹಣದಲ್ಲಿ ತಂದೆಯವರು ಲ್ಯಾಪ್‌ಟಾಪಿಗೆಂದು ತೆಗೆದಿಟ್ಟದ್ದು 30,000 ರೂಪಾಯಿ. ಅಷ್ಟರೊಳಗೆ ಎರಡು ವರ್ಷದ ಓದಿಗೂ, ಮುಂದೆ ಸಂಶೋಧನೆಗೆ ಸೇರಿದರೆ ಅದಕ್ಕೂ ಒದಗುವ ಯಂತ್ರವೊಂದನ್ನು ನಾನು ಆರಿಸಬೇಕಿತ್ತು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ಪೆರಿಯಕ್ಕೋ, ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಗೋ ಓದಲು ಹೋಗುವ ಕಿರಿಯರು ಈಗ ಇದೇ ಪ್ರಶ್ನೆಯನ್ನು ನನ್ನಲ್ಲಿ ಕೇಳುತ್ತಿರುವುದರಿಂದ, ನಾನು ಹೇಗೆ ಯೋಚಿಸಿದೆ, ಅಂಗಡಿಯಲ್ಲಿ ಏನೇನು ಪರೀಕ್ಷಿಸಿದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಯಾವ ಕಂಪೆನಿಯದ್ದು ಒಳ್ಳೆಯದು ಎಂದು ವಿಚಾರಿಸುವ ಮೊದಲು, ಮುಂದಿನ ಎರಡು ವರ್ಷ ಆ ಯಂತ್ರದಲ್ಲಿ ನಾನು ಮಾಡಬೇಕಾದ ಕೆಲಸಗಳು ಯಾವುವು ಎಂದು ಹಿರಿಯ ವಿದ್ಯಾರ್ಥಿಗಳಲ್ಲಿ ಕೇಳಿ ತಿಳಿದುಕೊಂಡೆ. ಏಳು ಭಾಷೆಗಳ ಸಂಗಮಭೂಮಿಯೆನ್ನುವ ನಮ್ಮ ಜಿಲ್ಲೆಯಲ್ಲಿ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಧ್ವನಿಮುದ್ರಣದ ಕೆಲಸಕ್ಕೆ ಕೊರತೆಯಿಲ್ಲ. ತುಳು, ಬ್ಯಾರಿ, ಕೊಂಕಣಿ ಆಡುವವರ ಮಾತನ್ನು ಮುದ್ರಿಸಿಕೊಂಡು, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಪ್ರಾಟ್’ ತಂತ್ರಾಂಶದಲ್ಲಿ ಧ್ವನಿಯ ಅಲೆಗಳನ್ನು ಅಳೆಯಬೇಕು. ನೆದರ್‌ಲ್ಯಾಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ‘ಎಲಾನ್’ ತಂತ್ರಾಂಶದಲ್ಲಿ ಮಾತಿನ ಸಾಲು ಸಾಲಿಗೂ ಲಿಪ್ಯಂತರವನ್ನೂ ಅರ್ಥವನ್ನೂ ಸೇರಿಸಬೇಕು. ಇವೆರಡಕ್ಕೂ ಹಣ ಕೊಡಬೇಕಾಗಿಲ್ಲ, ಮತ್ತು ಪ್ರಾಟ್ ಹಳೆಯ ಯಂತ್ರದಲ್ಲೂ ಸರಾಗವಾಗಿ ಓಡುತ್ತದೆ. ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿದ ನಿಘಂಟುಗಳ ಸ್ಕ್ಯಾನ್ ಪ್ರತಿಗಳನ್ನು ಪದೇಪದೇ ತೆರೆಯಬೇಕಾಗುತ್ತದೆ. ನೂರಾರು ಪುಟಗಳ ಅಂಥ ಪಿಡಿಎಫ್ ಒಂದು ಕಡೆ, ಹತ್ತಾರು ಟ್ಯಾಬ್ ತೆರೆದ ಬ್ರೌಸರ್ ಇನ್ನೊಂದು ಕಡೆ, ನಡುವೆ ಬರೆಯುತ್ತಿರುವ ಪ್ರಬಂಧ ಎಂದಾಗ 4 ಜಿಬಿ ರ‍್ಯಾಮ್ (ತೆರೆದಿಟ್ಟ ಕೆಲಸಗಳನ್ನು ಯಂತ್ರ ಆ ಹೊತ್ತಿಗೆ ಹಿಡಿದಿಡುವ ನೆನಪು) ಏತಕ್ಕೂ ಸಾಲುವುದಿಲ್ಲ. 8 ಜಿಬಿ ಇಂದಿಗೆ ಸಾಕು, 16 ಜಿಬಿ ಇದ್ದರೆ ನಿಶ್ಚಿಂತೆ.

ಎಷ್ಟು ಜಾಗ ಬೇಕಾದೀತೆಂಬ ಲೆಕ್ಕ ಸುಲಭ. 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಒಂದೇ ಚಾನೆಲ್ಲಿನ ವೇವ್ ಕಡತವೆಂದರೆ ನಿಮಿಷಕ್ಕೆ 5 ಎಂಬಿಗಿಂತ ತುಸು ಹೆಚ್ಚು, ಗಂಟೆಗೆ ಸುಮಾರು 320 ಎಂಬಿ. ಧ್ವನಿಯಷ್ಟೇ ಆದರೆ 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಸಂಗ್ರಹ ಡಿಸ್ಕ್) ಧಾರಾಳವಾಯಿತು. ವೀಡಿಯೊ ಸೇರಿದರೆ ಹೊರಗಿನ ಡಿಸ್ಕ್ ಬೇಕೇ ಬೇಕು. ಆದರೆ ಡಿಸ್ಕ್ ಎಷ್ಟೇ ಜಿಬಿಯದ್ದಾದರೂ ತಿರುಗುವ ಹಾರ್ಡ್‌ಡಿಸ್ಕ್ ಆಗಿರದೆ ಎಸ್‌ಎಸ್‌ಡಿಯೇ ಆಗಿರಬೇಕೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ; ಹಳೆಯ ಯಂತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಚುರುಕು ತರುವ ಭಾಗವೆಂದರೆ ಅದೇ.

ಭಾಷಾ ತಂತ್ರಜ್ಞಾನದ ಪಾಠವೂ ಇರುವುದರಿಂದ, ಗೇಮ್ ಆಡುವವರು ಕೊಳ್ಳುವಂಥ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕೆಂದು ಕೆಲವರು ಹೇಳಿದರು. ಆ ಮಾತನ್ನು ನಾನು ಒಪ್ಪಲಿಲ್ಲ. ಪೈಥಾನ್ ಕಲಿಯುವುದಕ್ಕೆ, ಸಣ್ಣ ಪದಸಂಗ್ರಹವೊಂದನ್ನು ವಿಂಗಡಿಸುವುದಕ್ಕೆ ಸಾಮಾನ್ಯ ಪ್ರೊಸೆಸರ್ ಸಾಕು. ದೊಡ್ಡ ಮಾದರಿಗಳಿಗೆ ತರಬೇತಿ ಕೊಡುವ ಕೆಲಸ ಬಂದರೆ ಗೂಗಲ್ ಕೊಲ್ಯಾಬ್ ಎಂಬ ಆನ್‌ಲೈನ್ ಸೇವೆಯಲ್ಲಿ ಮಿತಿಯೊಳಗೆ ಉಚಿತವಾಗಿ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ದೊರೆಯುತ್ತದೆ. ವರ್ಷಕ್ಕೆ ಕೆಲವೇ ಬಾರಿ ಒದಗುವ ಆ ಕೆಲಸಕ್ಕಾಗಿ ಎರಡೂವರೆ ಕಿಲೋ ಭಾರದ, ಬೇಗನೆ ಬ್ಯಾಟರಿ ಬರಿದಾಗುವ ಯಂತ್ರವನ್ನು ದಿನವೂ ಬಸ್ಸಿನಲ್ಲಿ ಹೊರುವುದು ನನಗೆ ಸರಿ ಕಾಣಲಿಲ್ಲ.

ಇನ್ನುಳಿದದ್ದು ಹೊಸದೋ, ಹಳೆಯದೋ ಎಂಬ ಪ್ರಶ್ನೆ. ಈ ಬೆಲೆಯ ಹೊಸ ಲ್ಯಾಪ್‌ಟಾಪುಗಳಲ್ಲಿ ಒಂದು ಬಗೆಯವುಗಳಿಗೆ ಸೆಲೆರಾನ್‌ನಂಥ ಎರಡು ಕೋರಿನ (ಲೆಕ್ಕ ಮಾಡುವ ಘಟಕಗಳ) ದುರ್ಬಲ ಪ್ರೊಸೆಸರ್ ಇರುತ್ತದೆ. ಅವುಗಳನ್ನು ಸ್ನಾತಕೋತ್ತರ ಓದಿಗೆ ಯಾರೂ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ. ಇನ್ನೊಂದು ಬಗೆಯವು ಇಂಟೆಲ್ ಕಂಪೆನಿಯ ಹೊಸ ಪೀಳಿಗೆಯ ಐ3 ಪ್ರೊಸೆಸರ್ ಇರುವಂಥವು. ಇವುಗಳ ವೇಗ ನಾನು ಕೊನೆಗೆ ಕೊಂಡ ಹಳೆಯ ಐ5ಕ್ಕಿಂತ ಹೆಚ್ಚೇ ಇದ್ದೀತು, ಕಡಿಮೆಯಲ್ಲ. ಆದರೆ ಅಗ್ಗದ ಹೊಸ ಯಂತ್ರಗಳಲ್ಲಿ ಉಳಿತಾಯ ಮಾಡುವುದು ನಾವು ಮೊದಲ ನೋಟಕ್ಕೆ ಗಮನಿಸದ ಜಾಗಗಳಲ್ಲಿ: ಪರದೆ ಮಂಕಾಗಿರುತ್ತದೆ, ಮುಚ್ಚಳದ ಕೀಲು ತೆಳು ಪ್ಲಾಸ್ಟಿಕ್ಕಿಗೆ ಕೂಡಿಸಿದ್ದಾಗಿರುತ್ತದೆ, ಹಲವು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಮುಂದೆ ಹೆಚ್ಚಿಸುವಂತಿರುವುದಿಲ್ಲ. ಇದಕ್ಕೆ ಪ್ರತಿಯಾಗಿ, ದೊಡ್ಡ ಕಂಪೆನಿಗಳು ತಮ್ಮ ಉದ್ಯೋಗಿಗಳಿಗೆ ಕೊಟ್ಟು, ಕೆಲವು ವರ್ಷಗಳ ಬಳಿಕ ಒಟ್ಟಾಗಿ ವಿಲೇವಾರಿ ಮಾಡುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಹೊಸದಾಗಿದ್ದಾಗ ಇದರ ಮೂರು ಪಟ್ಟು ಬೆಲೆಗೆ ಹೋದವುಗಳು. ಅವುಗಳ ಹಿಂಬದಿ ಬಿಚ್ಚಬಹುದು, ಬಿಡಿಭಾಗ ದೊರೆಯುತ್ತದೆ, ಕಾಸರಗೋಡಿನಲ್ಲೇ ರಿಪೇರಿ ಮಾಡಬಲ್ಲವರಿದ್ದಾರೆ. ಸಂಶೋಧನೆಯ ನಡುವೆ ಯಂತ್ರ ಕೆಟ್ಟರೆ ಹೊಸದು ಕೊಳ್ಳುವ ಶಕ್ತಿಯಿಲ್ಲದ ವಿದ್ಯಾರ್ಥಿಗೆ ವೇಗಕ್ಕಿಂತ ಮೊದಲು ಬೇಕಾದದ್ದು ಈ ರಿಪೇರಿಯ ಅನುಕೂಲ ಎಂಬ ನಿರ್ಧಾರಕ್ಕೆ ನಾನು ಬಂದೆ. ಇಂದಿಗೂ ಆ ನಿರ್ಧಾರದಲ್ಲಿ ಬದಲಾವಣೆಯಿಲ್ಲ.

ಹಳೆಯದನ್ನು ಕೊಳ್ಳುವವರು ಪ್ರೊಸೆಸರಿನ ಪೀಳಿಗೆಯನ್ನು ಮರೆಯಕೂಡದು. ‘ಐ7’ ಎಂಬ ಚೀಟಿ ನೋಡಿ ಮರುಳಾದರೆ 4ನೆಯ ಪೀಳಿಗೆಯ ಯಂತ್ರವೂ ಕೈಗೆ ಬಂದೀತು. ಹೆಸರಿನ ಮುಂದಿನ ಅಂಕಿಯನ್ನು ನೋಡಬೇಕು: ಐ5-8250ಯು ಎಂದಿದ್ದರೆ 8ನೆಯ ಪೀಳಿಗೆ, ಐ5-6300ಯು ಎಂದಿದ್ದರೆ 6ನೆಯದು. ಲ್ಯಾಪ್‌ಟಾಪಿನ ‘ಯು’ ಸಾಲಿನ ಐ5ಗಳಲ್ಲಿ ಎರಡಿದ್ದ ಕೋರುಗಳು ನಾಲ್ಕಾದದ್ದು ಈ 8ನೆಯ ಪೀಳಿಗೆಯಲ್ಲಿ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ ಅಲ್ಲಿಂದ ಮುಂದಿನವುಗಳನ್ನು ಮಾತ್ರ, ಮತ್ತು ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 6ನೆಯ, 7ನೆಯ ಪೀಳಿಗೆಯ ಯಂತ್ರಗಳು ಬಹಳ ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಮಾತ್ರ ಬಳಸುವವರಿಗೆ ಅವು ಈಗಲೂ ಉಪಯುಕ್ತವೇ.

ಮಂಗಳೂರಿನ ಅಂಗಡಿಯೊಂದರಲ್ಲಿ 14 ಇಂಚಿನ ಥಿಂಕ್‌ಪ್ಯಾಡ್ ಟಿ480ಗಳು ಸಾಲಾಗಿ ಇದ್ದವು. “ಅಣ್ಣ, ಹಿಂಬದಿ ಬಿಚ್ಚಿ ತೋರಿಸಬಹುದಾ?” ಎಂದು ಕೇಳಿದೆ. “ತೋರಿಸುವ, ಅದಕ್ಕೆಂತ? ನೀವು ನಿಧಾನಕ್ಕೆ ನೋಡಿ” ಎಂದು ಅಂಗಡಿಯವರೇ ಸ್ಕ್ರೂ ಡ್ರೈವರ್ ತಂದರು. ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದು ಬೇಡ. ಒಳಗೆ ರ‍್ಯಾಮಿನ ಎರಡು ಜಾಗಗಳಲ್ಲಿ ಒಂದು ಖಾಲಿ ಇತ್ತು. ತುಕ್ಕಾಗಲಿ, ನೀರು ಬಿದ್ದ ಬಿಳಿ ಕಲೆಯಾಗಲಿ ಇರಲಿಲ್ಲ. ಫ್ಯಾನಿನ ರೆಕ್ಕೆಗಳ ನಡುವೆ ಧೂಳು ತುಂಬಿದ್ದ ಒಂದನ್ನು ಬದಿಗಿಟ್ಟೆವು. ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸಿನ ‘ಪವರ್‌ಸಿಎಫ್‌ಜಿ’ ಆದೇಶದಿಂದ ಬ್ಯಾಟರಿಯ ವರದಿ ತೆಗೆದೆ. ಆ ವರದಿಯಲ್ಲಿ ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯವೂ, ಈಗ ಪೂರ್ತಿ ಚಾರ್ಜ್ ಮಾಡಿದಾಗ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯವೂ ಒಂದರ ಕೆಳಗೊಂದು ಇರುತ್ತವೆ. ಟಿ480ಕ್ಕೆ ಎರಡು ಬ್ಯಾಟರಿಗಳು, ಒಂದು ಒಳಗೆ, ಇನ್ನೊಂದು ಹೊರಗಿನಿಂದ ಕಳಚಬಹುದಾದದ್ದು. ಒಳಗಿನದ್ದರ 24,000 ಮಿಲಿವಾಟ್-ಅವರ್‌ನಲ್ಲಿ 19,000ದಷ್ಟು ಉಳಿದಿತ್ತು. ಹೊರಗಿನದ್ದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆ ಅಂಕಿಗಳನ್ನು ತೋರಿಸಿದ ಮೇಲೆ ಬೆಲೆಯ ಮಾತು ಸುಲಭವಾಯಿತು. ಎಸ್‌ಎಸ್‌ಡಿಯ ಆಯುಷ್ಯವನ್ನು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿಕೊಂಡೆ.

ಪರದೆಯ ವಿಷಯವನ್ನು ಕನ್ನಡದಲ್ಲಿ ಓದುವವರು ಇತರರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಇದೇ ಮಾದರಿಯಲ್ಲಿ 1366×768 ಚುಕ್ಕೆಗಳ ಪರದೆಯೂ ಇದೆ, 1920×1080 ಚುಕ್ಕೆಗಳ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಮಂಕಾಗದ) ಪರದೆಯೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಕನ್ನಡ ಪುಟವನ್ನು ಒಂದೇ ಗಾತ್ರದಲ್ಲಿ ತೆರೆದೆ. ಮೊದಲನೆಯದರಲ್ಲಿ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಚುಕ್ಕೆಯಂತೆ ಕಂಡವು, ‘ದ’ದ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂದು ಕಣ್ಣು ಕಿರಿದುಮಾಡಿ ನೋಡಬೇಕಾಯಿತು. ಎರಡನೆಯದರಲ್ಲಿ ಒತ್ತಕ್ಷರದ ಸುರುಳಿಗಳೆಲ್ಲ ಬಿಡಿಬಿಡಿಯಾಗಿದ್ದವು. ದಿನಕ್ಕೆ ಹಲವು ಗಂಟೆ ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿಗಳನ್ನು ಓದುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅನಂತರ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಬೆಳಕನ್ನು ತಗ್ಗಿಸಿ ಏರಿಸಿ, ಕಲೆ, ಗೆರೆ, ಅಂಚಿನ ಹಳದಿ ಛಾಯೆಗಳನ್ನು ಹುಡುಕಿದೆ.

ಕೀಲಿಮಣೆಯನ್ನೂ ಕನ್ನಡದಲ್ಲೇ ಪರೀಕ್ಷಿಸಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ಯಲ್ಲಿ ನಾವು ಬಳಸುವ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸುವುದು ಎಫ್ ಕೀಲಿ. ‘ರಾಷ್ಟ್ರ’ ಎಂದು ಬರೆಯುವಾಗ ಅದನ್ನು ಎರಡು ಸಲ ಒತ್ತಬೇಕು. ಇಂಗ್ಲಿಷಿನಲ್ಲಿ ಅಷ್ಟೇನೂ ಬಳಕೆಯಾಗದ ಆ ಕೀಲಿ ಕನ್ನಡದವರ ಕೈಯಲ್ಲಿ ಬಿಡುವಿಲ್ಲದೆ ದುಡಿಯುತ್ತದೆ. ಆದ್ದರಿಂದ ಎಲ್ಲ ಕೀಲಿಗಳನ್ನು ಒಂದೊಂದಾಗಿ ನೋಡಿದ ಮೇಲೆ, ಒತ್ತಕ್ಷರಗಳೇ ತುಂಬಿದ ಒಂದು ಪರಿಚ್ಛೇದವನ್ನು ಅಲ್ಲಿಯೇ ಬೆರಳಚ್ಚು ಮಾಡಿ, ಎಫ್ ಕೀಲಿ ಅಂಟುತ್ತದೆಯೇ, ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತದೆಯೇ ಎಂದು ಖಚಿತಪಡಿಸಿಕೊಂಡೆ.

ಕಂಪೆನಿಗಳಿಂದ ಬಂದ ಯಂತ್ರಗಳಲ್ಲಿ ಹೊರಗೆ ಕಾಣದ ಬೀಗಗಳು ಉಳಿದಿರಬಹುದು. ಆರಂಭದಲ್ಲೇ ಬಯೋಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಒಳಹೊಕ್ಕು ಅದಕ್ಕೆ ಪಾಸ್‌ವರ್ಡ್ ಇಲ್ಲವೆಂದು ನೋಡಬೇಕು. ಆಮೇಲೆ ಇಂಟರ್‌ನೆಟ್ ಜೋಡಿಸಿಕೊಂಡು ವಿಂಡೋಸನ್ನು ಮೊದಲಿನಿಂದ ಸ್ಥಾಪಿಸುವಾಗ ಯಾವುದಾದರೂ ಸಂಸ್ಥೆಯ ಹೆಸರಿನ ಲಾಗಿನ್ ಪುಟ ಕಾಣಿಸಿಕೊಂಡರೆ, ಆ ಯಂತ್ರ ಇನ್ನೂ ಅವರ ವ್ಯವಸ್ಥೆಯಲ್ಲಿ ನೋಂದಣಿಯಾಗಿದೆ ಎಂದರ್ಥ. ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಬಿಟ್ಟುಬಿಡಬೇಕು. ಇದಕ್ಕೆ ಅಂಗಡಿಯಲ್ಲಿ ಅರ್ಧ ದಿನ ಕೂರಬೇಕಾದೀತು. ಕೂರಲೇಬೇಕು.

8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದ ಯಂತ್ರಕ್ಕೆ 23,500 ರೂಪಾಯಿ ಕೊಟ್ಟೆ. ಖಾಲಿ ಜಾಗಕ್ಕೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿ, ಹೊರಗಿನ ಬ್ಯಾಟರಿ ಹೊಸದು ಕೊಂಡಾಗ ಒಟ್ಟು 29,000 ರೂಪಾಯಿ ಆಯಿತು. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರನ್ನೂ ವಾರಂಟಿಯ ಅವಧಿಯನ್ನೂ ಬರೆಸಿಕೊಂಡೆ. ಬಾಯಿಮಾತಿನ ವಾರಂಟಿಗೆ ಬೆಲೆಯಿಲ್ಲ.

ಇಲೆಕ್ಟ್ರಾನಿಕ್ ಅರ್ಜಿಗಳಿಗೂ ಕೆಲವು ತಂತ್ರಾಂಶಗಳಿಗೂ ಬೇಕಾದೀತೆಂದು ವಿಂಡೋಸ್ ಉಳಿಸಿಕೊಂಡು, ಪಕ್ಕದಲ್ಲಿ ಉಬುಂಟು ಹಾಕಿದೆ. ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶದಲ್ಲೇ ಐಟಿ ಪಾಠ ನಡೆಯುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ನಮಗೆ ಲಿನಕ್ಸ್ ಹೊಸದಲ್ಲ. ಇದು ನಮ್ಮ ಗಡಿನಾಡಿನ ವಿದ್ಯಾರ್ಥಿಗಳಿಗೆ ಶಾಲೆ ಕೊಟ್ಟ ದೊಡ್ಡ ಅನುಕೂಲ. ಅದನ್ನು ಕಾಲೇಜಿಗೆ ಬಂದಾಗ ಬಿಟ್ಟುಬಿಡುವುದು ಸರಿಯಲ್ಲ. ಲಿಬ್ರೆಆಫೀಸಿನಲ್ಲಿ ಕನ್ನಡಕ್ಕೆ ನೋಟೊ ಸೆರಿಫ್ ಕನ್ನಡವನ್ನೂ, ಅಂತಾರಾಷ್ಟ್ರೀಯ ಧ್ವನಿಲಿಪಿಗೆ ಚಾರಿಸ್ ಎಸ್‌ಐಎಲ್ ಅಕ್ಷರಶೈಲಿಯನ್ನೂ ಬೇರೆಬೇರೆಯಾಗಿ ನಿಗದಿಪಡಿಸಬಹುದು. ಸ್ಕ್ಯಾನ್ ಪುಟಗಳಿಂದ ಪಠ್ಯ ತೆಗೆಯಲು ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡದ ದತ್ತಾಂಶವೂ ಉಚಿತವಾಗಿ ಸಿಗುತ್ತದೆ. ಬರೆಯುವುದನ್ನೆಲ್ಲ ಯುನಿಕೋಡಿನಲ್ಲೇ ಬರೆಯಿರಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಕಡತದಲ್ಲಿ ಕನ್ನಡ ಪದವೊಂದನ್ನು ನೇರವಾಗಿ ಹುಡುಕುವುದಕ್ಕೂ ಆಗದು.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಯಂತ್ರದ ಪಾಲನೆಯೂ ಆಯ್ಕೆಯಷ್ಟೇ ಮುಖ್ಯ. ಆಟಿಯ ತಿಂಗಳಲ್ಲಿ (ಜುಲೈ–ಆಗಸ್ಟ್) ಬಳಸದೆ ಚೀಲದಲ್ಲಿ ಮುಚ್ಚಿಟ್ಟರೆ ತೇವ ಹಿಡಿಯುತ್ತದೆ. ದಿನವೂ ಸ್ವಲ್ಪ ಹೊತ್ತಾದರೂ ಚಾಲೂ ಮಾಡಿ ಬೆಚ್ಚಗಾಗಲು ಬಿಡುತ್ತೇನೆ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಯ ಗುಡುಗು ದೂರದಲ್ಲಿ ಕೇಳಿದೊಡನೆ ಚಾರ್ಜರನ್ನೂ ನೆಟ್‌ವರ್ಕ್ ಕೇಬಲನ್ನೂ ಕಳಚಿಬಿಡುತ್ತೇನೆ, ಏಕೆಂದರೆ ಸಿಡಿಲು ವಿದ್ಯುತ್ ತಂತಿಯಲ್ಲಿ ಮಾತ್ರವಲ್ಲ, ಇಂಟರ್‌ನೆಟ್ಟಿನ ತಾಮ್ರದ ತಂತಿಯಲ್ಲೂ ಬರುತ್ತದೆ. ಕರೆಂಟು ಹೋದ ರಾತ್ರಿಗಳಲ್ಲಿ ಎರಡು ಬ್ಯಾಟರಿಗಳು ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತವೆ.

ಧ್ವನಿಮುದ್ರಣಕ್ಕೆ ಮಾತ್ರ ಲ್ಯಾಪ್‌ಟಾಪನ್ನು ನೇರವಾಗಿ ಬಳಸುವುದಿಲ್ಲ, ಏಕೆಂದರೆ ಫ್ಯಾನಿನ ಸದ್ದು ಪ್ರಾಟ್‌ನ ಚಿತ್ರದಲ್ಲಿ ಸ್ಪಷ್ಟವಾಗಿ ಬೀಳುತ್ತದೆ. ಬೇರೆ ರೆಕಾರ್ಡರಿನಲ್ಲಿ ಮುದ್ರಿಸಿದ್ದನ್ನು ಅಂದೇ ಸಂಜೆ ಲ್ಯಾಪ್‌ಟಾಪಿಗೆ ಇಳಿಸಿ, ಹೊರಗಿನ ಡಿಸ್ಕಿಗೊಂದು, ಕ್ಲೌಡಿಗೊಂದು ಪ್ರತಿ ಮಾಡಿದ ಮೇಲೆಯೇ ರೆಕಾರ್ಡರಿನ ಕಾರ್ಡನ್ನು ಖಾಲಿ ಮಾಡುತ್ತೇನೆ. ತೊಂಬತ್ತು ದಾಟಿದ ಅಜ್ಜಿಯೊಬ್ಬರ ಪಾಡ್ದನವನ್ನು (ತುಳು ಜನಪದ ಕಥನಗೀತೆ) ಇನ್ನೊಮ್ಮೆ ಮುದ್ರಿಸಿಕೊಳ್ಳುವ ಅವಕಾಶ ಸಿಗುತ್ತದೆಂದು ಹೇಳಲಾಗದು. ಲ್ಯಾಪ್‌ಟಾಪಿಗೆಂದು ಇಟ್ಟ ಹಣದಲ್ಲಿ ಏನಾದರೂ ಉಳಿದರೆ ಅದನ್ನು ಚೀಲಕ್ಕೋ ಮೌಸಿಗೋ ಹಾಕದೆ ಮೊದಲು ಆ ಹೊರಗಿನ ಡಿಸ್ಕಿಗೆ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.