ಕಾರಿಗೆ ಸ್ಪೀಕರ್: ತೂತು ಕೊರೆಯುವ ಮುಂಚೆ ಜಾಗ ಗೊತ್ತು ಮಾಡಿ

ದುಬಾರಿ ಸ್ಪೀಕರ್ ತಪ್ಪು ಜಾಗದಲ್ಲಿ ಕೂತರೆ ಸಾಧಾರಣ ಸ್ಪೀಕರಿಗಿಂತ ಕೆಟ್ಟದಾಗಿ ಕೇಳಿಸುತ್ತದೆ. ಅದಕ್ಕೇ ಅಂಗಡಿಗೆ ಹೋಗುವ ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಅಳತೆ ಟೇಪು ಹಿಡಿಯಿರಿ. ಬಲಬಾಗಿಲಿನ ಸ್ಪೀಕರ್‌ನಿಂದ ನಿಮ್ಮ ತಲೆಗೆ ಎಷ್ಟು, ಎಡಬಾಗಿಲಿನದರಿಂದ ಎಷ್ಟು? ಸಣ್ಣ ಕಾರುಗಳಲ್ಲಿ ಎಡಗಡೆಯದು ಸಾಮಾನ್ಯವಾಗಿ 40–50 ಸೆಂ.ಮೀ. ಹೆಚ್ಚು ದೂರ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 35 ಸೆಂ.ಮೀ. ಸಾಗುತ್ತದೆ, ಹಾಗಾಗಿ ಬಲಗಡೆಯ ದನಿ ಒಂದು ಮಿಲಿಸೆಕೆಂಡಿಗೂ ತುಸು ಹೆಚ್ಚು ಮೊದಲೇ ಬಂದು ಮುಟ್ಟುತ್ತದೆ. ಇಷ್ಟೇ ಸಾಕು, ಹಾಡುವವರು ಎದುರಿಗೆ ಕೂತಂತೆ ಅನಿಸದೆ ಬಲಬಾಗಿಲೊಳಗೆ ಸಿಕ್ಕಿಕೊಂಡಂತೆ ಕೇಳುತ್ತದೆ. ಜಾಗ ಆರಿಸುವಾಗ ಈ ಅಂತರ ಆದಷ್ಟು ಕಮ್ಮಿಯಾಗಬೇಕು. ಮಿಕ್ಕಿದ್ದನ್ನು ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ ಇದ್ದರೆ, ಹತ್ತಿರದ ಸ್ಪೀಕರನ್ನು ತಡಮಾಡಿಸಿ ಸರಿಪಡಿಸಬಹುದು.

ಮೊದಲು ಟ್ವೀಟರ್, ಅಂದರೆ ಏರುದನಿಯ ಪುಟ್ಟ ಸ್ಪೀಕರ್; ಯಾಕೆಂದರೆ ದನಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಕಿವಿಗೆ ಹೆಚ್ಚಾಗಿ ಹೇಳುವುದು ಅದೇ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಮೇಲ್ಮುಖವಾಗಿ ಕೂರಿಸಿದರೆ ಶಬ್ದ ಗಾಜಿಗೆ ಬಡಿದು ಚುಚ್ಚುವಂತೆ ಬರುತ್ತದೆ. ಮೇಲಾಗಿ ರಾಯಚೂರಿನ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಕಾದ ಹಂಚಿನಂತಾಗುತ್ತದೆ. ಡಬಲ್ ಟೇಪಿನ ಅಂಟು ಕರಗಿ ಟ್ವೀಟರ್ ಜಾರುತ್ತದೆ. ಮುಂಗಾಜಿನ ಪಕ್ಕದ ಕಂಬ ಕೇಳಲು ಒಳ್ಳೆಯ ಜಾಗವೇ. ಆದರೆ ಕಂಬದ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಗುರುತಿದ್ದರೆ ಅಲ್ಲಿ ಕೈಯಿಡಲೇಬೇಡಿ. ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಆ ಟ್ವೀಟರೇ ಮುಖಕ್ಕೆ ಸಿಡಿಯುತ್ತದೆ. ಹೆಚ್ಚಿನ ಕಾರುಗಳಿಗೆ ಸೈಡ್ ಮಿರರ್ ಹಿಂದಿನ ತ್ರಿಕೋನದ ಪ್ಲಾಸ್ಟಿಕ್ಕೇ ಸರಿಯಾದ ಜಾಗ.

ಅಲ್ಲೂ ಕೊರೆಯುವ ಮುಂಚೆ ಪರೀಕ್ಷೆ ಮಾಡಿ. ಎರಡೂ ಟ್ವೀಟರನ್ನು ಪೇಪರ್ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಕ್ರಾಸ್‌ಓವರ್ ಮೂಲಕವೇ ತಂತಿ ಕೊಡಿ. ಬಾಸನ್ನು, ಅಂದರೆ ತಗ್ಗಿನ ದನಿಯನ್ನು, ತಡೆದು ಟ್ವೀಟರಿಗೆ ಏರುದನಿಯನ್ನಷ್ಟೇ ಬಿಡುವುದು ಅದರ ಕೆಲಸ. ನೇರ ಕೊಟ್ಟರೆ ಬಾಸ್ ನುಗ್ಗಿ ಒಳಗಿನ ತಂತಿಸುರುಳಿ (ಕಾಯಿಲ್) ಸುಡುತ್ತದೆ. ತಂಬೂರಿ ಹಿಡಿದು ಒಬ್ಬರೇ ಹಾಡಿದ ದಾಸರ ಪದವನ್ನೋ ತತ್ವಪದವನ್ನೋ ಹಾಕಿ. ಮಾನ್ವಿಯ ಜಗನ್ನಾಥದಾಸರ ಪದಗಳು ಇದಕ್ಕೆ ಬಹಳ ಚೆನ್ನ, ಏಕೆಂದರೆ ಒಂದೇ ದನಿ, ಮರೆಮಾಚಲು ಡ್ರಮ್ಮಿಲ್ಲ. ಕಣ್ಣು ಮುಚ್ಚಿ, ದನಿ ಬಂದ ಕಡೆ ಬೆರಳು ತೋರಿಸಿ. ಬೆರಳು ಡ್ಯಾಶ್‌ಬೋರ್ಡಿನ ನಡುಭಾಗಕ್ಕೆ ಹೋದರೆ ಗೆದ್ದಂತೆ. ಬಲಕ್ಕೇ ಹೋದರೆ ಬಲಗಡೆಯ ಟ್ವೀಟರನ್ನು ನಿಮ್ಮಿಂದ ತುಸು ಹೊರಳಿಸಿ, ಎಡಗಡೆಯದನ್ನು ನಿಮ್ಮತ್ತ ತಿರುಗಿಸಿ ಮತ್ತೆ ಕೇಳಿ. ಒಂದು ಬೆರಳಗಲ ತಿರುಗಿಸಿದರೂ ಫರಕು ಗೊತ್ತಾಗುತ್ತದೆ.

ಬಾಗಿಲಿನ 6.5 ಇಂಚಿನ ಸ್ಪೀಕರಿಗೆ ಕಂಪನಿ ಕೊಟ್ಟ ಜಾಗವನ್ನೇ ಇಟ್ಟುಕೊಳ್ಳಿ. ಕೆಲಸ ಇರುವುದು ಅದರ ಸುತ್ತ. ಕಿಟಕಿ ಗಾಜನ್ನು ಪೂರ್ತಿ ಇಳಿಸಿ, ಸ್ಕ್ರೂ ಹಾಕುವ ಮಟ್ಟದಿಂದ ಗಾಜಿನವರೆಗೆ ಆಳ ಅಳೆಯಿರಿ. ಸ್ಪೀಕರಿನ ಆಳಕ್ಕಿಂತ ಕನಿಷ್ಠ 5 ಮಿ.ಮೀ. ಹೆಚ್ಚಿರಬೇಕು. ಸಾಲದಿದ್ದರೆ ಸ್ಪೀಕರನ್ನು ತುಸು ಮುಂದಕ್ಕೆ ತರುವ ಸ್ಪೇಸರ್ ರಿಂಗ್ ಹಾಕಿ. ಅಗ್ಗಕ್ಕೆ ಸಿಗುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗು ಮಳೆನೀರಿಗೆ ಉಬ್ಬಿ ಪುಡಿಯಾಗುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನದೇ ಇರಲಿ.

ಬಾಸ್ ಇಲ್ಲ ಎಂಬ ದೂರಿಗೆ ಬಹುತೇಕ ಕಾರಣ ಬಾಗಿಲ ತಗಡಿನ ದೊಡ್ಡ ತೂತುಗಳು. ಸ್ಪೀಕರಿನ ಅದುರುವ ಭಾಗವಾದ ಕೋನ್ ಮುಂದಕ್ಕೆ ತಳ್ಳಿದ ಗಾಳಿ, ಹಿಂದಿನಿಂದ ಹೊರಬಂದ ಗಾಳಿ ಎರಡೂ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ತೂತುಗಳನ್ನು ತಗಡಿನ ಅದುರುವಿಕೆ ತಗ್ಗಿಸುವ ಡ್ಯಾಂಪಿಂಗ್ ಶೀಟಿನಿಂದ ಮುಚ್ಚಿ, ಸ್ಪೀಕರಿನ ಅಂಚಿಗೆ ಫೋಮ್ ಪಟ್ಟಿ ಸುತ್ತಿ. ಶೀಟು ರಬ್ಬರಿನ ಜಾತಿಯ ಬ್ಯುಟೈಲ್‌ದೇ ಆಗಬೇಕು. ಡಾಂಬರಿನದು ನಮ್ಮ ಬೇಸಿಗೆಗೆ ಮೆತ್ತಗಾಗಿ ಕಳಚಿ ಕಾರಿನ ತುಂಬ ವಾಸನೆ ಹಿಡಿಸುತ್ತದೆ. ಅಂಟಿಸುವ ಮುನ್ನ ತಗಡನ್ನು ಥಿನ್ನರಿನಿಂದ ಒರೆಸಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರಿನ ಬಾಗಿಲೊಳಗೆ ಕೆಂಪು ಧೂಳು ಪದರುಗಟ್ಟಿರುತ್ತದೆ, ಅದರ ಮೇಲೆ ಯಾವ ಅಂಟೂ ನಿಲ್ಲದು. ಬಾಗಿಲ ತಳದಲ್ಲಿ ನೀರು ಹರಿಯುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಒಳಗಿಂದ ಹೊರಬರುತ್ತದೆ.

ತಗಡು ಕೊರೆಯುವಾಗ ಸ್ಪೀಕರನ್ನು ಡಬ್ಬದೊಳಗೆ ಮುಚ್ಚಿ ದೂರ ಇಡಿ. ಕಬ್ಬಿಣದ ಚೂರುಗಳು ಅಯಸ್ಕಾಂತಕ್ಕೆ ಎಗರಿ ಅಂಟಿಕೊಳ್ಳುತ್ತವೆ. ಒಂದು ಚೂರು ಕಾಯಿಲಿನ ಸಂದಿಗೆ ಇಳಿದರೂ ಕರಕರ ಶುರು. ಅಂಟಿದ್ದನ್ನು ಟೇಪಿನಿಂದ ಎತ್ತಿ, ಊದಬೇಡಿ.

ಹಿಂಗಾಜಿನ ಕೆಳಗಿನ ಟ್ರೇ ಮೇಲೆ 6x9 ಇಂಚಿನ ಮೊಟ್ಟೆಯಾಕಾರದ ಸ್ಪೀಕರ್ ಇಡುವುದು ನಮ್ಮ ಕಡೆ ರೂಢಿ. ಡಿಕ್ಕಿಯ ಮೇಲೆ ಗಟ್ಟಿ ತಗಡಿರುವ ಸೆಡಾನ್ ಆದರೆ ಸರಿ. ಹ್ಯಾಚ್‌ಬ್ಯಾಕಿನ ಟ್ರೇ ಎರಡು ದಾರಕ್ಕೆ ತೂಗುವ ಹಲಗೆಯಷ್ಟೇ. ಬಾಸಿಗೆ ಅದು ಲಟಲಟ ಬಡಿಯುತ್ತದೆ; ಎಮ್ಮೆ ಅಡ್ಡ ಬಂದು ಜೋರಾಗಿ ಬ್ರೇಕ್ ಹಾಕಿದರೆ ಒಂದೂವರೆ–ಎರಡು ಕಿಲೋದ ಸ್ಪೀಕರ್ ಹಿಂದೆ ಕೂತ ಮಕ್ಕಳ ತಲೆಗೆ ಬಂದೀತು. ಅಲ್ಲಿ ಬೇಡ. ಆ ದುಡ್ಡಿಗೆ ಮುಂಬಾಗಿಲುಗಳಿಗೆ ಡ್ಯಾಂಪಿಂಗ್ ಶೀಟು ಹಾಕಿಸಿ, ಹಿಂದೆ ಸ್ಪೀಕರೇ ಇಲ್ಲದೆ ಬಿಟ್ಟರೂ ಮುಂದೆ ಕೂತವರಿಗೆ ನಷ್ಟವಿಲ್ಲ.

ಸಬ್‌ವೂಫರ್, ಅಂದರೆ ಬಾಸಿಗಷ್ಟೇ ಮೀಸಲಾದ ಸ್ಪೀಕರ್, ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರಲಿ. 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದದ ದಿಕ್ಕು ಕಿವಿಗೆ ಅಷ್ಟಾಗಿ ಹೊಳೆಯದು. ಸೀಟಿನ ಕೆಳಗೆ ಇಡುವುದಾದರೆ ಸೀಟಿನ ಹಳದಿ ವೈರಿನ ಕನೆಕ್ಟರು ಕಳಚಬೇಡಿ, ಅದು ಏರ್‌ಬ್ಯಾಗಿನದು. ದನಿಗೆ ಬಲ ಕೊಡುವ ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ಎಳೆಯುವ ತಂತಿಗೆ, ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ತಗಡಿಗೆ ಉಜ್ಜಿದಾಗ ಬೆಂಕಿ ಹೊತ್ತುತ್ತದೆ.

ಡೋರ್ ಪ್ಯಾಡ್ ಮುಚ್ಚುವ ಮುನ್ನ ಒಂದೂವರೆ ವೋಲ್ಟಿನ ಸೆಲ್ ತೆಗೆದುಕೊಂಡು, ಸ್ಟೀರಿಯೊ ಕಡೆಯ ತಂತಿ ಬಿಚ್ಚಿ, ಸೆಲ್ಲಿನ ಪ್ಲಸ್ಸಿಗೆ ಸ್ಪೀಕರ್ ತಂತಿಯ ಪ್ಲಸ್, ಮೈನಸ್ಸಿಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಎರಡೂ ಬಾಗಿಲಿನ ಕೋನ್ ಹೊರಕ್ಕೇ ಜಿಗಿಯಬೇಕು. ಒಂದು ಒಳಕ್ಕೆ ಹೋದರೆ ಆ ಕಡೆಯ ತಂತಿ ಉಲ್ಟಾ ಆಗಿದೆ, ಅದನ್ನು ತಿರುಗಿಸಿ. ಆಮೇಲೆ ಗಾಜು ಮೇಲೆ ಕೆಳಗೆ ಮೂರು ಸಲ ಆಡಿಸಿ, ಎಲ್ಲೂ ತಾಗದಿದ್ದರೆ ಪ್ಯಾಡ್ ಒತ್ತಿ.